ಫಿಯಾಟ್ ಮಾರಿದ್ವಿ, ಹೆಸರು ಮಾರಲಿಲ್ಲ

ಯುಗಾದಿ ಮುಗದ ಮ್ಯಾಲೆ ಒಂದು ರವಿವಾರ ನಮ್ಮ ಅಣ್ಣನ ಮಗಳು ಬೆಂಗಳೂರಿಂದ ಬಂದಿದ್ಲು. ಊಟ ಆಗಿ ಎಲ್ಲಾರೂ ಪಡಸಾಲ್ಯಾಗ ಅಡ್ಡ ಆಗಿದ್ವಿ. ಅಕಿ ಮಾತ್ರ ಗೋಡಿಗೆ ಆತು ಕೂತು ಮೊಬೈಲಿನ್ಯಾಗ ಹಳೇ ಕಾರ್ ನೋಡ್ಲಿಕ್ಕೆ ಹತ್ತಿದ್ಲು. "ಅತ್ಯಾ, ಇದನ್ನ ನೋಡು. 2017ರ ಸ್ವಿಫ್ಟ್, ಒಬ್ಬರ ಕೈಯಾಗ ಇದ್ದದ್ದಂತ, 48 ಸಾವಿರ ಕಿಲೋಮೀಟರ್ ಓಡ್ಯದ" ಅಂತ ನನಗ ತೋರಿಸಿದ್ಲು. ಕೆಂಪು ಬಣ್ಣ, ಕನ್ನಡಿ ಹಂಗ ಹೊಳೀತಿತ್ತು. ನಾನೂ "ಛಲೋ ಅದ" ಅಂದೆ. ವೈನಿ ಬಗ್ಗಿ ನೋಡಿ "ಬಣ್ಣ ಭಾಳ ಭಡಕ ಆತೇನೋ" ಅಂದ್ರು.

ಮಲಗ್ಯಾರ ಅಂತ ನಾವು ತಿಳಕೊಂಡಿದ್ದ ಅವ್ವ ಕಣ್ಣು ಮುಚ್ಚಿಕೊಂಡ ಕೇಳಿದ್ಲು: "ಬಣ್ಣ ಆಮ್ಯಾಲೆ ನೋಡು ಮಗಳ. ಪುಸ್ತಕದಾಗ ಯಾರ ಹೆಸರದ?"

"ಯಾವ ಪುಸ್ತಕ ಅಜ್ಜಿ?"

"ಆರ್.ಸಿ. ಪುಸ್ತಕ. ಗಾಡಿ ಪುಸ್ತಕ."

ಹುಡುಗಿಗೆ ಏನೂ ತಿಳೀಲಿಲ್ಲ. ಅಣ್ಣ ನನ್ನ ಮಾರಿ ನೋಡಿದ, ನಾ ಅವನ ಮಾರಿ ನೋಡಿದೆ. ಎಂಬತ್ನಾಲ್ಕು ವಯಸ್ಸಿನ ನಮ್ಮ ಅವ್ವ ಗಾಡಿ ನಡಸಿದಾಕಿ ಅಲ್ಲ, ಮೊಬೈಲ್ ಒತ್ತಿದಾಕಿ ಅಲ್ಲ. ಆದ್ರ ಹಳೇ ಕಾರಿನ ವ್ಯವಹಾರದಾಗ ಕೇಳಬೇಕಾದ ಮೊದಲನೇ ಪ್ರಶ್ನೆ ಅಕಿಗೆ ಗೊತ್ತಿತ್ತು. ಯಾಕ ಗೊತ್ತಿತ್ತು ಅನ್ನೋದನ್ನ ಇವತ್ತು ಬರೀತೀನಿ. ಮನಿ ಕಥಿ ಖರೇ, ಆದ್ರ ನಮ್ಮ ದೇಶದಾಗ ಹಳೇ ಕಾರ್ ಹೆಂಗ ಕೈ ಬದಲಾತು ಅನ್ನೋ ಕಥೀನೂ ಅದರೊಳಗ ಅದ. ಇತ್ತೀಚೆಗೆ ನಮ್ಮ ಓಣಿಯಾಗೂ ಎರಡು ಮನಿಯವರು ಮೊಬೈಲಿನ್ಯಾಗ ನೋಡಿ ಕಾರ್ ತಗೊಂಡಾರ, ಇನ್ನಿಬ್ಬರು ನೋಡ್ಲಿಕ್ಕೆ ಹತ್ಯಾರ. ಅದಕ್ಕ ಇದು ಎಲ್ಲಾರಿಗೂ ಉಪಯೋಗ ಆದೀತು.

ಅವ್ವ ಲಗ್ನ ಆಗಿ ಈ ಮನಿಗೆ ಬಂದಾಗ ನಮ್ಮ ಓಣಿಗೆಲ್ಲ ಒಂದ ಕಾರ್ ಇತ್ತಂತ, ಡಾಕ್ಟರದು. ಆಗ ದೇಶದಾಗ ಕಾರ್ ಅಂದ್ರ ಮೂರು ಹೆಸರು. ಕಲ್ಕತ್ತಾ ಹತ್ತರ ಉತ್ತರಪಾರಾದಾಗ ಹಿಂದುಸ್ತಾನ್ ಮೋಟರ್ಸ್ ಅಂಬಾಸಿಡರ್ ಮಾಡ್ತಿತ್ತು. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅನ್ನೋ ಗಾಡಿಯ ತಂಗಿ ಇದ್ದಂಗ. ಮುಂಬೈದಾಗ ಪ್ರೀಮಿಯರ್ ಕಂಪನಿ ಫಿಯಾಟ್ ಮಾಡ್ತಿತ್ತು, ಮುಂದ ಅದಕ್ಕ ಪದ್ಮಿನಿ ಅಂತ ಹೆಸರಿಟ್ರು. ಮದ್ರಾಸಿನ್ಯಾಗ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಬಂತು. ಯಾವ ಕಂಪನಿ ಎಷ್ಟು ಗಾಡಿ ಮಾಡಬೇಕು ಅನ್ನೋದಕ್ಕ ಸರ್ಕಾರದ ಲೈಸೆನ್ಸು ಬೇಕು. ಕಾರಿನ ಹಂಚಿಕೆ ಮತ್ತ ಮಾರಾಟ ಹೆಂಗ ಆಗಬೇಕು ಅನ್ನೋದಕ್ಕೂ 1959ರಾಗ ಸರ್ಕಾರ ಒಂದು ನಿಯಂತ್ರಣ ಆದೇಶ ತಂದಿತ್ತು. ಮಾಡೋ ಗಾಡಿ ಕಡಿಮಿ, ಬೇಕು ಅನ್ನೋರು ಹೆಚ್ಚು. ರೊಕ್ಕ ಕಟ್ಟಿ ಹೆಸರು ಬರಿಸಿದ್ರ ವರ್ಷಗಟ್ಟಲೆ ಹಾದಿ ಕಾಯೋದು.

ಇದರಿಂದ ಒಂದು ವಿಚಿತ್ರ ಆಗಿತ್ತು ನೋಡ್ರಿ. ಹಳೇ ಸೀರಿ ಕೊಟ್ಟು ಪಾತ್ರಿ ತಗೊಳ್ಳೋ ನಮಗ ಗೊತ್ತದ, ಒಮ್ಮಿ ಉಟ್ಟ ಸೀರಿಗೆ ಅಂಗಡಿ ರೇಟು ಯಾರೂ ಕೊಡೂದಿಲ್ಲ. ಆದ್ರ ಆಗಿನ ಕಾಲಕ್ಕ ವರ್ಷಗಟ್ಟಲೆ ಓಡಿದ ಫಿಯಾಟಿಗೆ ಹೊಸಾದರಷ್ಟ, ಒಮ್ಮೊಮ್ಮೆ ಅದಕ್ಕಿಂತಾ ಹೆಚ್ಚಿನ ರೊಕ್ಕ ಬರ್ತಿತ್ತು. ಯಾಕಂದ್ರ ಹಳೇ ಕಾರ್ ತಗೊಳ್ಳೋರು ಬರೇ ಗಾಡಿ ತಗೊಳ್ತಿರಲಿಲ್ಲ. ಸರತಿ ಸಾಲಿನ್ಯಾಗ ಕಾಯೋ ವರ್ಷಗಳನ್ನ ರೊಕ್ಕ ಕೊಟ್ಟು ಉಳಿಸಿಕೊಳ್ತಿದ್ರು.

ನಮ್ಮ ಅಪ್ಪ ಹುಬ್ಬಳ್ಳಿಯಾಗ ಸಗಟು ಕಿರಾಣಿ ವ್ಯಾಪಾರ ಮಾಡ್ತಿದ್ರು. 1976ರಾಗ 14 ಸಾವಿರ ರೂಪಾಯಿಗೆ ಒಂದು ಫಿಯಾಟ್ ತಗೊಂಡ್ರು. ಅದು 1969ರ ಮಾಡೆಲ್ಲು, ಬೂದಿ ಬಣ್ಣದ್ದು. ಸ್ಟೇರಿಂಗ್ ಬಾಜೂಕ ಗೇರಿನ ಕೋಲು. ನಂಬರ್ ಪ್ಲೇಟಿನ ಮ್ಯಾಲೆ ಹಳೇ ಮೈಸೂರು ರಾಜ್ಯದ 'ಎಂ.ವೈ.' ಅಕ್ಷರ. ವ್ಯವಹಾರ ಹೆಂಗ ಆಗಿತ್ತು ಅಂದ್ರ, ಒಬ್ಬ ದಲ್ಲಾಳಿ ಸುದ್ದಿ ತಂದ. ಅಪ್ಪ ತಮ್ಮ ಗುರ್ತಿನ ಮಿಸ್ತ್ರಿನ್ನ ಕರಕೊಂಡು ಹೋದ್ರು. ಮಿಸ್ತ್ರಿ ಗಾಡಿ ಕೆಳಗ ಹೊಕ್ಕು ಹೊರಗ ಬಂದು, ಇಂಜಿನ್ನಿಗೆ ಕಿವಿ ಕೊಟ್ಟು ಕೇಳಿ, ಸೈಲೆನ್ಸರಿನ ಹೊಗಿ ನೋಡಿ "ತಗೋರಿ ಸಾಹೇಬ್ರ" ಅಂದ. ಅಷ್ಟ. ರೇಟು ಎಷ್ಟು, ಯಾಕ ಅಷ್ಟು ಅನ್ನೋದು ದಲ್ಲಾಳಿ ಬಾಯಾಗಿನ ಮಾತು.

ದನದ ಸಂತಿ ನೋಡಿದವರಿಗೆ ಇದು ತಿಳೀತದ. ಅಲ್ಲಿ ದಲ್ಲಾಳಿ ಟವೆಲ್ ಕೆಳಗ ಕೈ ಹಿಡದು ಬೆರಳು ಒತ್ತಿ ರೇಟು ಹೇಳ್ತಾನ. ಬಾಜೂಕ ನಿಂತವರಿಗೆ ಎತ್ತು ಎಷ್ಟಕ್ಕ ಹೋತು ಅಂತ ತಿಳೀಬಾರದು. ಹಳೇ ಕಾರಿನ ವ್ಯಾಪಾರನೂ ಭಾಳ ವರ್ಷ ಅದೇ ಟವೆಲ್ ಕೆಳಗ ನಡೀತು.

ಇದರಾಗ ಮನಿ ಹೆಣ್ಣಮಕ್ಕಳ ಪಾಲು ಏನು? ಗಾಡಿ ಬಾಗಲಿಗೆ ಬಂದಾಗ ಆರತಿ ತರೋದು, ಗಾಲಿ ಕೆಳಗ ಲಿಂಬಿಹಣ್ಣು ಇಡೋದು. ಅವ್ವ ಎರಡೂ ಮಾಡಿದ್ಲು. ಜೊತಿಗೆ ಇನ್ನೊಂದು ಕೆಲಸನೂ ಮಾಡಿದ್ಲು. ತನ್ನ ಲೆಕ್ಕದ ವಹಿಯಾಗ, ಹಾಲು, ಕಾಯಿಪಲ್ಯ, ಸಾಲಿ ಫೀ ಬರಿಯೋ ಜಾಗಾದಾಗ "ಗಾಡಿ - 14,000" ಅಂತ ಬರದಿಟ್ಲು. ಕಾಗದಪತ್ರ ಎಲ್ಲಾ ಅಪ್ಪನ ಟ್ರಂಕಿನ್ಯಾಗ ಹೋತು. ಅಕಿ ಒಂದೂ ನೋಡಿರಲಿಲ್ಲ, ಯಾರೂ ತೋರಿಸಿರಲೂ ಇಲ್ಲ.

ಮುಂದ 1983ರಾಗ ಮಾರುತಿ 800 ಬಂತು. ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲನೇ ಗಾಡಿಯ ಚಾವಿಯನ್ನ ಹರ್ಪಾಲ್ ಸಿಂಗ್ ಅನ್ನೋರ ಕೈಗೆ ಕೊಟ್ರು. ಅವರು ಇಂಡಿಯನ್ ಏರ್‌ಲೈನ್ಸಿನ್ಯಾಗ ಕೆಲಸಕ್ಕ ಇದ್ದವರು. ಆ ಮನುಷ್ಯಾ 2010ರಾಗ ತೀರಿಕೊಳ್ಳೋ ತನಕ ಆ ಗಾಡಿ ಮಾರಲೇ ಇಲ್ಲ. ಅಂದ್ರ ದೇಶದ ಮೊದಲನೇ ಮಾರುತಿಗೆ ಸೆಕೆಂಡ್ ಹ್ಯಾಂಡ್ ಅನ್ನೋ ಹೆಸರು ಬರಲೇ ಇಲ್ಲ. ಆದ್ರ ಅದರ ಹಿಂದಿಂದ ಬಂದ ಲಕ್ಷಗಟ್ಟಲೆ ತಂಗ್ಯಾರು ಮನಿ ಮನಿ ಬದಲಾಸಿದ್ರು. ನಮ್ಮಂಥ ಮಂದಿ ಮೊದಲನೇ ಸಲ ಕಾರ್ ಕಂಡದ್ದು ಹಿಂಗ ಕೈ ಬದಲಾದ ಮಾರುತಿಯಿಂದನ. 1991ರ ಉದಾರೀಕರಣ ಆದ ಮ್ಯಾಲೆ 1993ರಾಗ ಕಾರ್ ತಯಾರಿಕಿಗೆ ಇದ್ದ ಲೈಸೆನ್ಸಿನ ಕಟ್ಟೂ ಹೋತು. ಕೊರಿಯಾದ ಡೇವೂ ಬಂತು, ಹ್ಯುಂಡೈ ಬಂತು. ಬ್ಯಾಂಕಿನವರು ಕರದು ಸಾಲ ಕೊಡ್ಲಿಕ್ಕೆ ಹತ್ತಿದ್ರು. ಕಾಯೋ ಸಾಲು ಕರಗಿತು. ಕರಗಿದ ಕೂಡ್ಲೆ ಹಳೇ ಫಿಯಾಟಿನ ಮಾನ ಇಳೀತು.

ಅಪ್ಪ 1994ರಾಗ ಗಾಡಿ ಮಾರಿದ್ರು. ಮತ್ತ ಒಬ್ಬ ದಲ್ಲಾಳಿ. ಗದಗ ಕಡೆಯಿಂದ ಒಬ್ಬರನ್ನ ಕರಕೊಂಡು ಬಂದ. ಚಹಾ ಆತು. 22 ಸಾವಿರ ರೂಪಾಯಿ ಎಣಿಸಿ ಕೊಟ್ರು. ದಲ್ಲಾಳಿ ಮೂರು ನಾಲ್ಕು ಫಾರ್ಮ್ ತಗದು "ಇಲ್ಲಿ ಒಂದು, ಇಲ್ಲಿ ಒಂದು ಸಹಿ ಹಾಕ್ರಿ ಸಾಹೇಬ್ರ. ಆರ್.ಟಿ.ಓ. ಕೆಲಸ ನಾ ಮಾಡಿಸ್ತೀನಿ" ಅಂದ. ಅವು ಹೆಸರು ಬದಲಿ ಮಾಡೋ 29 ಮತ್ತ 30ನೇ ನಮೂನಿ ಫಾರ್ಮ್. ತಗೊಳ್ಳೋರ ಹೆಸರಿನ ಜಾಗಾ ಖಾಲಿ ಇತ್ತು. ಖಾಲಿ ಬಿಡೋದು ಆಗಿನ ರೂಢಿ. ದಲ್ಲಾಳಿ ಗಾಡಿಯನ್ನ ಮತ್ತೊಬ್ಬರಿಗೆ, ಅವರು ಇನ್ನೊಬ್ಬರಿಗೆ ಮಾರಿದ್ರೂ ಅವೇ ಫಾರ್ಮ್ ಸಾಗತಾವ. ಪ್ರತಿ ಸಲ ಫೀ ಕಟ್ಟೋದು, ಕಚೇರಿಗೆ ಅಡ್ಡಾಡೋದು ಉಳೀತದ. ಕೊನೀಗೆ ಯಾರರೆ ಒಬ್ಬರು ತಮ್ಮ ಹೆಸರು ತುಂಬಿದ್ರ ತುಂಬಿದ್ರು, ಇಲ್ಲಂದ್ರ ಇಲ್ಲ.

ಅಪ್ಪ ಸಹಿ ಹಾಕಿದ್ರು. ಅವ್ವ ವಹಿಯಾಗ ಬರದ್ಲು: "ಗಾಡಿ ಮಾರಿದ್ದು - 22,000", ಬಾಜೂಕ ತಗೊಂಡವರ ಹೆಸರು, ಊರು, ತಾರೀಖು.

1997ರಾಗ ಅಪ್ಪಗ ಲಕ್ವಾ ಹೊಡೀತು. ಬಲಗೈ ಹೋತು, ಮಾತು ಹೋತು. ಮರುವರ್ಷ ಮಳಿಗಾಲದಾಗ ಟಪಾಲಿನವ ಒಂದು ಕೋರ್ಟ್ ನೋಟೀಸು ತಂದ, ಅಪ್ಪನ ಹೆಸರಿಗೆ. ನಮ್ಮ ಫಿಯಾಟ್ ಒಬ್ಬ ಸೈಕಲ್ ಸವಾರನಿಗೆ ಹೊಡದಿತ್ತು. ಆ ಮನುಷ್ಯಾ ದವಾಖಾನ್ಯಾಗ ತೀರಿಕೊಂಡಿದ್ದ. ಗಾಡಿ ಇನ್ಶೂರೆನ್ಸ್ ಎಂದೋ ಮುಗದಿತ್ತು. ಆರ್.ಟಿ.ಓ. ಕಚೇರಿ ದಾಖಲೆಯೊಳಗ ಮಾಲಕ ಅಂತ ಇದ್ದದ್ದು ನಮ್ಮ ಅಪ್ಪ. ಗಾಡಿ ಎಷ್ಟು ಕೈ ದಾಟಿತ್ತೋ, ಹೆಸರು ಮಾತ್ರ ನಮ್ಮ ಮನಿ ಬಿಟ್ಟು ಹೋಗಿರಲಿಲ್ಲ.

ಹೇಳಬೇಕಾದ ಮನುಷ್ಯಾಗ ಬಾಯಿ ಇಲ್ಲ. ಮಾರಿಸಿದ ದಲ್ಲಾಳಿ ಊರು ಬಿಟ್ಟಾನ. ಅವ್ವ ಲೆಕ್ಕದ ವಹಿ ಬಗಲಾಗ ಇಟ್ಟುಕೊಂಡು ವಕೀಲರ ಕಡೆ ಹೋದ್ಲು. ವಕೀಲರು ವಹಿ ನೋಡಿ, "ಅವ್ವಾರ, ನೀವು ಬರದಿಟ್ಟದ್ದು ಭಾಳ ಛಲೋ ಆತು. ತಗೊಂಡವರನ್ನ ಕೇಸಿನ್ಯಾಗ ಎಳದು ತರ್ಲಿಕ್ಕೆ ಇದು ಬೇಕಾಗ್ತದ. ಆದ್ರ ಕಾಯದೆ ಕಣ್ಣಿಗೆ ಮಾಲಕರು ನಿಮ್ಮ ಯಜಮಾನ್ರ" ಅಂದ್ರಂತ. 1988ರ ಮೋಟಾರು ವಾಹನ ಕಾಯದೆ 1989ರ ಜುಲೈ 1ರಿಂದ ಜಾರಿಗೆ ಬಂದಿತ್ತು. ಅದರ ಪ್ರಕಾರ ಗಾಡಿ ಯಾರ ಹೆಸರಿಗೆ ನೋಂದಣಿ ಆಗ್ಯದ ಅವರ ಮಾಲಕರು. ಅದೇ ರಾಜ್ಯದಾಗ ಗಾಡಿ ಮಾರಿದವರು 14 ದಿನದಾಗ ಆರ್.ಟಿ.ಓ.ಗೆ ತಿಳಸಬೇಕು, ತಗೊಂಡವರು 30 ದಿನದಾಗ ತಮ್ಮ ಹೆಸರಿಗೆ ಮಾಡಿಸಬೇಕು. ಅಪ್ಪ ಚಾವಿ ಕೊಟ್ಟಿದ್ರು, ರೊಕ್ಕ ತಗೊಂಡಿದ್ರು. ತಿಳಸಿರಲಿಲ್ಲ.

ಮೂರು ವರ್ಷ ತಾರೀಖಿನ ಮ್ಯಾಲೆ ತಾರೀಖು. ಕೋರ್ಟಿನ ಹೊರಗಿನ ಬೆಂಚಿನ ಮ್ಯಾಲೆ ತೀರಿಕೊಂಡವನ ಹೆಂಡತಿನೂ ಬಂದು ಕೂಡ್ತಿದ್ಲು, ಜೊತಿಗೆ ಎರಡು ಸಣ್ಣ ಮಕ್ಕಳು. ಅವ್ವ ಮನಿಯಿಂದ ಒಯ್ದ ಅವಲಕ್ಕಿ ಆ ಮಕ್ಕಳಿಗೂ ಕೊಡ್ತಿದ್ಲು. ನಾ ಒಮ್ಮಿ ಸಿಟ್ಟಿಗೆದ್ದು "ನಮ್ಮ ಮ್ಯಾಲೆ ಕೇಸ್ ಹಾಕಿದವರ ಅವರು" ಅಂದೆ. ಅವ್ವ "ನಂದು ರೊಕ್ಕ ಹೋಗತದ, ಅಕಿದು ಹೋದದ್ದು ತಿರುಗಿ ಬರೂದಲ್ಲ" ಅಂದ್ಲು. ಕೊನೀಗೆ ರಾಜಿ ಆತು. ಆಗ ಗಾಡಿ ಇಟ್ಟುಕೊಂಡವನ ಪಾಲು ಒಂದಿಷ್ಟು, ನಮ್ಮ ಪಾಲು 40 ಸಾವಿರ. ಅವ್ವನ ನಾಲ್ಕು ಪಾಟ್ಲಿ ಹೋದವು, ಉಳದದ್ದಕ್ಕ ಅಣ್ಣ ಸಾಲ ಮಾಡಿದ. 22 ಸಾವಿರಕ್ಕ ಮಾರಿದ ಗಾಡಿ ಮ್ಯಾಲೆ 40 ಸಾವಿರ ಕೊಟ್ಟು ಬಂದ್ವಿ.

ಅವ್ವಗ ವಕೀಲರು ಹೇಳಿದ ಮಾತನ್ನ 2018ರ ಫೆಬ್ರುವರಿಯಾಗ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿ ಹೇಳಿತು. ನವೀನ್ ಕುಮಾರ್ ಮತ್ತ ವಿಜಯ್ ಕುಮಾರ್ ಅನ್ನೋ ಪ್ರಕರಣ. ಅಲ್ಲಿಯೂ ಗಾಡಿ ಕೈಯಿಂದ ಕೈಗೆ ಹೋಗಿತ್ತು, ದಾಖಲೆಯಾಗ ಮೊದಲಿನವರ ಹೆಸರೇ ಉಳದಿತ್ತು. ದಾಖಲೆಯಾಗ ಹೆಸರಿದ್ದವರ ಹೊಣಿ, ಅಪಘಾತದಾಗ ನೊಂದವರು ಗಾಡಿ ಯಾರ ಯಾರ ಕೈ ದಾಟ್ಯದ ಅಂತ ಹುಡುಕಿಕೊಂಡು ತಿರಗೋ ಹಂಗ ಆಗಬಾರದು ಅನ್ನೋದು ಕೋರ್ಟಿನ ವಿಚಾರ. ನಮ್ಮ ಪಾಟ್ಲಿ ಕಡೆಯಿಂದ ನೋಡಿದ್ರ ಇದು ಕಠಿಣ ಅನಸ್ತದ. ಆ ಬೆಂಚಿನ ಮ್ಯಾಲೆ ಕೂತಾಕಿ ಕಡೆಯಿಂದ ನೋಡಿದ್ರ ನ್ಯಾಯ ಅನಸ್ತದ. ಅವ್ವ ಇಪ್ಪತ್ತು ವರ್ಷ ಮೊದಲ ಅಕಿ ಕಡೆಯಿಂದ ನೋಡಿದ್ಲು.

ಈಗ ಟವೆಲ್ ತಗದ ಕಥೀಗೆ ಬರೋಣ. 1995ರ ಆಗಸ್ಟ್ 15ಕ್ಕ ನಮ್ಮ ದೇಶದಾಗ ಸಾಮಾನ್ಯ ಮಂದಿಗೂ ಇಂಟರ್ನೆಟ್ ಸಿಕ್ಕಿತು. ಆದ್ರ ಹಳೇ ಕಾರ್ ಮುಂದ ಇನ್ನೂ ಕೆಲವು ವರ್ಷ ಪೇಪರಿನ ಸಣ್ಣ ಜಾಹೀರಾತಿನ್ಯಾಗ, ದಲ್ಲಾಳಿ ಬಾಯಾಗನ ಉಳೀತು. 2001ರಾಗ ಮಾರುತಿ ಕಂಪನಿ ಟ್ರೂ ವ್ಯಾಲ್ಯೂ ಅಂತ ಹಳೇ ಗಾಡಿ ಮಾರೋ ಅಂಗಡಿ ತಗೀತು. ಮಾಡಿದವರ ತಪಾಸಣೆ ಮಾಡಿ, ಬಿಲ್ಲು ವಾರಂಟಿ ಕೊಟ್ಟು ಮಾರೋದು ಆಗ ಹೊಸಾದು. 2005ರಾಗ ಕಾರ್‌ವಾಲೆ ಬಂತು, 2008ರಾಗ ಕಾರ್‌ದೇಖೋ ಮತ್ತ ಕ್ವಿಕರ್ ಬಂದವು. ಓ.ಎಲ್.ಎಕ್ಸ್. ಹೆಸರಂತೂ ಮನಿ ಮನಿಗೆ ಗೊತ್ತಾತು. 2015ರಾಗ ಕಾರ್ಸ್24, ಸ್ಪಿನ್ನಿ ಶುರು ಆದವು. ಹಿಂದಿನವು ಬರೇ ಜಾಹೀರಾತು ತೋರಸ್ತಿದ್ವು. ಇವು ತಪಾಸಣೆ ಮಾಡೋದು, ಗಾಡಿ ಕೊಡಿಸೋದು, ಕಾಗದ ಮಾಡಿಸೋದು ಎಲ್ಲಾ ತಮ್ಮ ಕೈಗೇ ತಗೊಂಡ್ವು. ಕೊರೊನಾ ಬಂದ ಮ್ಯಾಲೆ ಬಸ್ಸು ರೈಲು ಹತ್ತಲಿಕ್ಕೆ ಅಂಜಿದ ಮಂದಿ ಸ್ವಂತ ಗಾಡಿ ಬೇಕು ಅಂತ ಮನ್ಯಾಗ ಕೂತ ಹುಡುಕಿದ್ರು, ಗಾಡಿ ಬಾಗಲಿಗೇ ಬರ್ಲಿಕ್ಕೆ ಹತ್ತಿತು.

ಇದರಾಗ ನನಗ ದೊಡ್ಡದು ಅನಿಸಿದ್ದು ರೇಟು ಕಾಣಿಸಿದ್ದು. ಅದೇ ವರ್ಷದ್ದು, ಅದೇ ಮಾಡೆಲ್ಲು, ಅಷ್ಟ ಓಡಿದ್ದು ಹುಬ್ಬಳ್ಳಿಯಾಗ ಎಷ್ಟು, ಬೆಳಗಾವಿಯಾಗ ಎಷ್ಟು, ಬೆಂಗಳೂರಾಗ ಎಷ್ಟು ಅಂತ ಒಲಿ ಮ್ಯಾಲೆ ಬ್ಯಾಳಿ ಇಟ್ಟು ನೋಡಬಹುದು. ಮಾವ, ಮೈದುನ, ಮಿಸ್ತ್ರಿ ಯಾರನ್ನೂ ಕೇಳಬೇಕಾಗಿಲ್ಲ. ಲಿಂಬಿಹಣ್ಣು ಇಡಲಿಕ್ಕೆ ಮಾತ್ರ ಕರೆಸಿಕೊಳ್ತಿದ್ದ ನಾವು ಈಗ ರೇಟಿನ ಮಾತಿನ್ಯಾಗ ಕೂಡಬಹುದು.

ಲಿಂಬಿಹಣ್ಣು ಅಂದಿದ್ದಕ್ಕ ನೆನಪಾತು. ಅಮೇರಿಕಾದಾಗ ಒಳಗ ಕೆಟ್ಟು ಹೊರಗ ಛಲೋ ಕಾಣೋ ಕಾರಿಗೆ ಲಿಂಬಿಹಣ್ಣು ಅಂತಾರ. ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞರು 1970ರಾಗ ಇದರ ಮ್ಯಾಲೆ ಒಂದು ಲೇಖನ ಬರದ್ರು, 2001ರಾಗ ಅವರಿಗೆ ನೊಬೆಲ್ ಬಹುಮಾನ ಬಂತು. ಅವರು ಹೇಳಿದ್ದನ್ನ ನಮ್ಮ ಧಾರವಾಡದ ಆಪೂಸ ಮಾವಿನಹಣ್ಣಿನ ಬುಟ್ಟಿ ಇಟ್ಟುಕೊಂಡು ತಿಳೀಬಹುದು. ಬುಟ್ಟಿ ತಳದಾಗ ಏನದ ಅಂತ ಮಾರೋರಿಗೆ ಗೊತ್ತು, ನಮಗ ಗೊತ್ತಿಲ್ಲ. ಕೊಳತದ್ದು ಇದ್ದೀತು ಅಂತ ಅಂಜಿ ಎಲ್ಲಾ ಬುಟ್ಟಿಗೂ ಕಡಿಮಿ ರೇಟು ಕೇಳ್ತೀವಿ. ಆಗ ಖರೇನ ಛಲೋ ಹಣ್ಣು ತಂದವರು "ಈ ರೇಟಿಗೆ ಕೊಡೂದಿಲ್ಲ" ಅಂತ ಎದ್ದು ಹೋಗ್ತಾರ. ಸಂತಿಯಾಗ ಉಳಿಯೋದು ಕೊಳತ ಬುಟ್ಟಿನ. ಕಾರಿನ ವ್ಯಾಪಾರನೂ ಹಂಗ. ಆ ತಪಾಸಣೆ, ವಾರಂಟಿ, ಕಂಪನಿ ಹೆಸರು ಎಲ್ಲಾ ಬುಟ್ಟಿ ತಳ ತೋರಸೋ ಪ್ರಯತ್ನ.

ಆದ್ರ ಫೋಟೋದಾಗ ತಳ ಪೂರಾ ಕಾಣೂದಿಲ್ಲ. 2005ರ ಜುಲೈ 26ಕ್ಕ ಮುಂಬೈದಾಗ ಒಂದ ದಿನಕ್ಕ 944 ಮಿಲಿಮೀಟರ್ ಮಳಿ ಸುರೀತು. 2015ರ ಡಿಸೆಂಬರಿನ್ಯಾಗ ಚೆನ್ನೈ ಮುಳಗಿತು. ಹಂಗ ನೀರಾಗ ನಿಂತ ಕಾರು ಒಣಗಿಸಿ, ತಿಕ್ಕಿ ತೊಳದು, ಪಾಲಿಶ್ ಮಾಡಿದ ಮ್ಯಾಲೆ ಫೋಟೋದಾಗ ಮದುಮಗಳ ಹಂಗ ಕಾಣ್ತಾವ. ಇದನ್ನ ಹಿಡಿಯೋದರಾಗ ಮಿಸ್ತ್ರಿಗಿಂತಾ ನಾವ ಮುಂದ. ಮಳಿಗಾಲದಾಗ ಒಣಗದ ಅರಬಿಯ ಮುಗ್ಗಲ ವಾಸನಿ ನಮಗ ಗೊತ್ತಿಲ್ಲೇನು? ಬಾಗಲ ಮುಚ್ಚಿ ಎರಡು ನಿಮಿಷ ಒಳಗ ಕೂಡ್ರಿ. ಸೀಟ್ ಬೆಲ್ಟನ್ನ ಕೊನೀ ತನಕ ಎಳೀರಿ, ಒಳಗಿನ ಪಟ್ಟಿಯಾಗ ಕೆಸರಿನ ಗೆರಿ ಇದ್ರ ಸುಮ್ನ ಇಳದು ಬರ್ರಿ. ಮೀಟರಿನ್ಯಾಗ 30 ಸಾವಿರ ಅಂತದ, ಆದ್ರ ಕಾಲಿಡೋ ಪೆಡಲಿನ ರಬ್ಬರ್ ಪೂರಾ ಸವದದ ಅಂದ್ರ ಮೀಟರ್ ಸುಳ್ಳು ಹೇಳ್ಲಿಕ್ಕೆ ಹತ್ತ್ಯದ ಅಂತ ಸಂಶಯ ಪಡ್ರಿ, ಸರ್ವಿಸ್ ಮಾಡಿಸಿದ ಬಿಲ್ಲು ಕೇಳ್ರಿ.

ದಿಲ್ಲಿ ಕಾರು ಅಗ್ಗ ಅಂತ ಕಾಣ್ತಾವ. ಅದಕ್ಕೂ ಇತಿಹಾಸ ಅದ. 10 ವರ್ಷ ದಾಟಿದ ಡೀಸೆಲ್ ಗಾಡಿ ದಿಲ್ಲಿ ಸುತ್ತಮುತ್ತ ಓಡಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಾಗ ಹೇಳಿತು, 2018ರಾಗ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು. ಆಗಿಂದ ಅಲ್ಲಿ ವಯಸ್ಸಾದ ಗಾಡಿಗಳು ಬ್ಯಾರೆ ರಾಜ್ಯದ ಹಾದಿ ಹಿಡದ್ವು. ಅಂಥಾ ಗಾಡಿ ತಂದ್ರ ಅಲ್ಲಿಯ ಆರ್.ಟಿ.ಓ. ಕಡೆಯಿಂದ 28ನೇ ನಮೂನಿ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿ 12 ತಿಂಗಳಕ್ಕಿಂತ ಹೆಚ್ಚು ಇಟ್ಟುಕೊಳ್ಳೋದಿದ್ರ ಕರ್ನಾಟಕದ ನಂಬರ್ ಮಾಡಿಸಬೇಕು, ನಮ್ಮ ರಾಜ್ಯದ ತೆರಿಗಿ ಕಟ್ಟಬೇಕು. ನಮ್ಮ ತೆರಿಗಿ ಸಣ್ಣದಲ್ಲ. ಅದನ್ನ ಕೂಡಿಸಿ ನೋಡಿದ್ರ ಅಗ್ಗ ಅನ್ನೋದು ಭಾಳ ಸಲ ಕರಗಿ ಹೋಗತದ.

ನಮ್ಮ ಹುಡುಗಿ ಕಡೆ ತಿರಗತೀನಿ. ಅವ್ವ ಪ್ರಶ್ನೆ ಕೇಳಿದ ಆ ಕೆಂಪು ಸ್ವಿಫ್ಟಿನ ಮಾಲಕ ಅಂದವ ಮಿಲಿಟರಿಯಾಗ ಇದ್ದೀನಿ, ವರ್ಗ ಆಗ್ಯದ, ಲಗೂ ಮಾರಬೇಕು ಅಂದಿದ್ದ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎಲ್ಲಾ ಕಳಿಸಿದ್ದ. ರೇಟು ಬ್ಯಾರೆಯವಕ್ಕಿಂತ ಒಂದೂವರೆ ಲಕ್ಷ ಕಡಿಮಿ. "ಗೇಟ್ ಪಾಸ್ ಸಲುವಾಗಿ 5 ಸಾವಿರ ಹಾಕ್ರಿ, ನಾಳೆ ಗಾಡಿ ನಿಮ್ಮ ಬಾಗಲಿಗೆ" ಅಂದಿದ್ದ. ಸೈನಿಕರ ಹೆಸರು ಹೇಳಿ ಹಿಂಗ ಮೋಸ ಮಾಡೋದು ದೇಶದ ತುಂಬ ನಡದದ, ಖರೇ ಸೈನಿಕರ ಮ್ಯಾಲೆ ಇರೋ ವಿಶ್ವಾಸಾನ ಅವರ ಬಂಡವಾಳ. ಅಜ್ಜಿ ಮಾತು ಕೇಳಿ ಹುಡುಗಿ ಎಂಪರಿವಾಹನ್ ಅನ್ನೋ ಸರ್ಕಾರದ ಆ್ಯಪಿನ್ಯಾಗ ಆ ನಂಬರ್ ಹಾಕಿ ನೋಡಿದ್ಲು. ಆ ನಂಬರಿನ ಮ್ಯಾಲೆ ಇದ್ದದ್ದು ಬ್ಯಾರೆ ಕಂಪನಿಯ ಡೀಸೆಲ್ ಗಾಡಿ! ಐದು ಸಾವಿರ ಉಳೀತು. ನೆನಪಿಡ್ರಿ, ಗಾಡಿ ಕಣ್ಣಿಲೆ ನೋಡೂ ಮುಂಚೆ ಒಂದು ರೂಪಾಯಿನೂ ಹಾಕಬಾರದು. ಮೊಬೈಲಿನ್ಯಾಗ ರೊಕ್ಕ ಕೊಡ್ಲಿಕ್ಕೆ ಪಿನ್ ಬೇಕು, ತಗೊಳ್ಳಲಿಕ್ಕೆ ಬ್ಯಾಡ. "ರೊಕ್ಕ ಕಳಸ್ತೀನಿ, ಪಿನ್ ಒತ್ರಿ" ಅಂದವ ಕಳ್ಳ. ಕೈ ಮೀರಿದ್ರ ತಡಾ ಮಾಡಲಾರದ 1930 ನಂಬರಿಗೆ ಫೋನ್ ಮಾಡಬೇಕು.

ಆಮ್ಯಾಲೆ ಹುಡುಗಿ ಎರಡನೇ ಗಾಡಿ ಹುಡುಕಿದ್ಲು. ಈ ಸಲ ಬಣ್ಣಕ್ಕಿಂತ ಮೊದಲ ಕಾಗದ. ಎಷ್ಟನೇ ಮಾಲಕರು, ಆ್ಯಪಿನ್ಯಾಗ ಅರ್ಧ ಮುಚ್ಚಿ ತೋರಸೋ ಹೆಸರು ಮಾರೋರ ಹೆಸರಿಗೆ ಹೊಂದತದೋ ಇಲ್ಲೋ, ಇನ್ಶೂರೆನ್ಸ್ ಯಾವಾಗಿನ ತನಕ ಅದ, ದಂಡದ ಚಲನ್ ಬಾಕಿ ಅವ ಏನು. ಆರ್.ಸಿ.ಯಾಗ ಬ್ಯಾಂಕಿನ ಹೆಸರಿತ್ತು, ಅಂದ್ರ ಸಾಲದ ಗಾಡಿ. ಸಾಲ ತೀರ್ಯದ ಅಂತ ಬಾಯಿ ಮಾತು ನಡೆಯೂದಿಲ್ಲ. ಬ್ಯಾಂಕಿನ ಪತ್ರ ಮತ್ತ 35ನೇ ನಮೂನಿ ಫಾರ್ಮ್ ಕೊಟ್ಟು ಆ ಹೆಸರು ತಗಸಬೇಕು. ಅದು ಆಗೋ ತನಕ ಪೂರಾ ರೊಕ್ಕ ಕೊಡೂದಿಲ್ಲ ಅಂತ ಕೂತ್ಲು. ಹಳೇ ಫಾಸ್ಟ್ಯಾಗ್ ಮಾರಿದವರಿಂದ ಬಂದ್ ಮಾಡಿಸಿದ್ಲು, ಇಲ್ಲಂದ್ರ ನಾವು ಟೋಲ್ ದಾಟಿದ್ರ ಅವರ ಖಾತೆಯಿಂದ ರೊಕ್ಕ ಹೋಗತದ. 29, 30ನೇ ಫಾರ್ಮಿನ್ಯಾಗ ಒಂದು ಜಾಗಾನೂ ಖಾಲಿ ಬಿಡಲಿಲ್ಲ.

ಇನ್ನೊಂದು ಮಾತು, ಮುಂದ ಗಾಡಿ ಮಾರೋ ಮನಿಯವರಿಗೆ. ಅಪ್ಪನ ಕಾಲದ ದೊಡ್ಡ ತೂತು ಅಂದ್ರ ಗಾಡಿ ದಲ್ಲಾಳಿ ಕೈಗೆ ಹೋಗಿ ಮುಂದಿನವರ ಹೆಸರಿಗೆ ಆಗೋ ತನಕ ಯಾರ ಹೊಣಿ ಅನ್ನೋದು. 2022ರ ಡಿಸೆಂಬರಿನ್ಯಾಗ ಕೇಂದ್ರ ಸರ್ಕಾರ ಇದಕ್ಕ ನಿಯಮ ತಂತು, 2023ರ ಎಪ್ರಿಲ್ 1ರಿಂದ ಅದು ಜಾರಿ ಆತು. ಹಳೇ ಗಾಡಿ ವ್ಯಾಪಾರಿ ಆರ್.ಟಿ.ಓ. ಕಡೆ ಅಧಿಕಾರ ಪತ್ರ ತಗೋಬೇಕು. ಅಂಥವರ ಕೈಗೆ ಗಾಡಿ ಕೊಟ್ಟಿದ್ದನ್ನ ಸರ್ಕಾರದ ಪೋರ್ಟಲಿನ್ಯಾಗ ತಿಳಸಬೇಕು. ತಿಳಸಿದ ಮ್ಯಾಲೆ ಆ ವ್ಯಾಪಾರಿನ ಮಾಲಕ ಅಂತ ಲೆಕ್ಕ. ಅದಕ್ಕ ಕಂಪನಿಯವರು ಗಾಡಿ ಒಯ್ಯೋ ದಿನ "ಪೋರ್ಟಲಿನ್ಯಾಗ ಹಾಕಿದ್ದರ ಪಾವತಿ ಕೊಡ್ರಿ" ಅಂತ ಕೇಳ್ರಿ. ಈ ನಿಯಮ 1994ರಾಗ ಇದ್ದಿದ್ರ ಅವ್ವನ ಕೈಯಾಗ ಪಾಟ್ಲಿ ಇರ್ತಿದ್ವು.

ನಾಗರ ಪಂಚಮಿಗೆ ಹುಡುಗಿ ತನ್ನ ಗಾಡಿ ನಡಸಿಕೊಂಡ ಬೆಂಗಳೂರಿಂದ ಬಂದ್ಲು. ಬಿಳೀ ಬಣ್ಣದ್ದು. ವೈನಿ ಆರತಿ ತಂದ್ರು, ನಾ ಲಿಂಬಿಹಣ್ಣು ಇಟ್ಟೆ. ಅವ್ವಗ ಗಾಡಿ ನೋಡ್ಲಿಕ್ಕೆ ಅವಸರ ಇರಲಿಲ್ಲ. "ಪುಸ್ತಕ ತಾ" ಅಂದ್ಲು. ಈಗ ಪುಸ್ತಕ ಎಲ್ಲಿ, ಟಪಾಲಿನ್ಯಾಗ ಬಂದ ಸಣ್ಣ ಕಾರ್ಡು. ಇಂಗ್ಲಿಷ್ ಅಕ್ಷರ ಅವ್ವಗ ಬರೂದಿಲ್ಲ. ಹುಡುಗಿ ಬೆರಳಿಟ್ಟು "ಇಲ್ಲಿ ನೋಡು ಅಜ್ಜಿ, ಇದು ನನ್ನ ಹೆಸರು" ಅಂತ ಓದಿ ತೋರಿಸಿದ್ಲು. ಅವ್ವ ಚಷ್ಮಾ ಸರಿಮಾಡಿಕೊಂಡು ಆ ಅಕ್ಷರದ ಮ್ಯಾಲೆ ತಾನೂ ಬೆರಳು ಆಡಿಸಿದ್ಲು.

"ಛಲೋ ಆತು. ಮಾರಿದವರಿಗೆ ಇದರ ಫೋಟೋ ಕಳಿಸಿದಿ ಏನು?"

"ಇಲ್ಲ ಅಜ್ಜಿ. ಅವರಿಗ್ಯಾಕ?"

"ಅವರ ಮನ್ಯಾಗೂ ಒಬ್ಬಾಕಿ ಇರ್ತಾಳ. ತನ್ನ ಗಂಡನ ಹೆಸರು ಹೋತು ಅಂತ ಅಕಿಗೂ ಗೊತ್ತಾಗಲಿ."

ಹುಡುಗಿ ಅಲ್ಲೇ ಕೂತು ಫೋಟೋ ತಗದು ಕಳಿಸಿದ್ಲು. ಆಮ್ಯಾಲೆ ಅವ್ವ ಎದ್ದು ಗಾಡಿ ನೋಡ್ಲಿಕ್ಕೆ ಬಾಗಲಿಗೆ ಬಂದ್ಲು.